ಕರೆಂಟ್ ಬಿಲ್ಲೂ, ಅಪ್ಪನ ಸೌದೆ ಕೊಟ್ಟಿಗೆಯೂ

ಈ ಕಡೆ ತಲೆ ಹಾಕದೆ ನಾಲ್ಕು ತಿಂಗಳ ಮೇಲಾಯ್ತು. ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು. ನಿಜ ಏನಂದ್ರೆ ಸೋಮಾರಿತನ. ಇವತ್ತು ಬರೆಯೋಕೆ ಕೂತಿರೋದು ಒಂದು ಕರೆಂಟ್ ಬಿಲ್ಲಿನ ದೆಸೆಯಿಂದ.

ಮೊನ್ನೆ 2025ರ ಡಿಸೆಂಬರ್ ತಿಂಗಳ ಬಿಲ್ ಬಂತು. 219 ಯೂನಿಟ್! ಆ ವರ್ಷದ ಹನ್ನೆರಡು ಬಿಲ್ಲುಗಳಲ್ಲಿ ಇದೇ ದೊಡ್ಡದು. ನೋಡಿ ನನಗೆ ಖುಷಿಯಾಯ್ತು. ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಖುಷಿಪಟ್ಟವನು ಇಡೀ ಬೆಂಗಳೂರಲ್ಲಿ ನಾನೊಬ್ಬನೇ ಇರಬೇಕು. ನನ್ನವಳು ಬಿಲ್ಲನ್ನೂ ನನ್ನ ಮುಖವನ್ನೂ ನೋಡಿ ಏನೂ ಹೇಳಲಿಲ್ಲ. ಅವಳಿಗೆ ಕಾರಣ ಗೊತ್ತು. ನಿಮಗೆ ಹೇಳಬೇಕಾದ್ರೆ ಅದರ ಹಿಂದಿನ ಡಿಸೆಂಬರ್‌ಗೆ, ಅಂದ್ರೆ 2024ಕ್ಕೆ ಹೋಗಬೇಕು.

ಆ ವರ್ಷ ದೀಪಾವಳಿ ಮುಗಿಸಿಕೊಂಡು ಅಪ್ಪ ಅಮ್ಮ ನಮ್ಮ ಜೊತೆ ಇರೋಕೆ ಬೆಂಗಳೂರಿಗೆ ಬಂದ್ರು. ಬಂದ್ರು ಅನ್ನೋದಕ್ಕಿಂತ ನಾನೇ ಎಳಕೊಂಡು ಬಂದೆ ಅನ್ನಬೇಕು. ಅಪ್ಪನಿಗೆ ದಮ್ಮು. ಮೊದಲೆಲ್ಲಾ ಚಳಿಗಾಲದಲ್ಲಿ ಮಾತ್ರ ಬಂದು ಹೋಗ್ತಿದ್ದದ್ದು, ಈಗ ತೋಟದ ಏರಿ ಹತ್ತುವಾಗಲೂ ಎರಡು ಸಲ ನಿಲ್ಲೋ ಹಾಗಾಗಿತ್ತು. ತೀರ್ಥಹಳ್ಳಿ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಕೊಯ್ಲಿನ ಹೊತ್ತಲ್ಲಿ ಮನೆ ಬಿಟ್ಟು ಬಂದವರೇ ಅಲ್ಲ ಅವರು. ಆ ವರ್ಷ ಮೊದಲ ಸಲ ಫಸಲನ್ನು ಚೇಣಿಗೆ ಕೊಟ್ಟು ಬಂದಿದ್ರು. ಅದು ಅವರಿಗೆ ಎಷ್ಟು ಕಷ್ಟ ಆಗಿತ್ತು ಅಂತ ನನಗೆ ಆಗ ಹೊಳೆಯಲಿಲ್ಲ. "ಆರಾಮಾಗಿ ಇರಿ, ಎಂತ ಕೆಲಸ ಇದೆ ನಿಮಗೆ?" ಅಂತಿದ್ದೆ. ಎಂತದೂ ಕೆಲಸ ಇಲ್ಲದೇ ಇರೋದೇ ಅವರ ಕಷ್ಟ ಆಗಿತ್ತು.

ನಮ್ಮದು ಬಾಡಿಗೆ ಮನೆ, ಮೊದಲನೇ ಮಹಡಿ. ಗೃಹಜ್ಯೋತಿ ವಿಷಯ ನಿಮಗೆಲ್ಲಾ ಗೊತ್ತೇ ಇದೆ. 2023ರ ಜುಲೈ ತಿಂಗಳ ಬಳಕೆಯಿಂದ ಶುರುವಾದದ್ದು. 200 ಯೂನಿಟ್ ಫ್ರೀ ಅಂತ ಬಾಯಲ್ಲಿ ಹೇಳ್ತೀವಿ, ಲೆಕ್ಕ ಅಷ್ಟು ಸರಳ ಅಲ್ಲ. 2022-23ರಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ ಎಷ್ಟಾಗುತ್ತೋ ಅಷ್ಟು ಫ್ರೀ. ಅದರ ಮೇಲಿನದ್ದಕ್ಕೆ ದುಡ್ಡು. 200 ದಾಟಿತೋ, ಫ್ರೀ ಇದ್ದದ್ದೂ ಹೋಯ್ತು, ಮೊದಲ ಯೂನಿಟ್ಟಿಂದ ಪೂರ್ತಿ ಬಿಲ್ಲು.

ನಮ್ಮ ಮನೆಯಲ್ಲಿ ಆ ವರ್ಷ ಇದ್ದವನು ಒಬ್ಬ ಬ್ಯಾಚುಲರ್ ಅಂತೆ. ವೀಕೆಂಡ್ ಬಂದ್ರೆ ಊರಿಗೆ ಹೋಗ್ತಿದ್ದ, ಮನೇಲಿ ಅಡುಗೆ ಮಾಡ್ತಿರಲಿಲ್ಲ, ಫ್ರಿಡ್ಜೂ ಇರಲಿಲ್ಲ ಅಂತ ಓನರ್ ಆಂಟಿ ಹೇಳ್ತಾರೆ. ಆ ಪುಣ್ಯಾತ್ಮನ ಸರಾಸರಿ 62 ಯೂನಿಟ್. ಹತ್ತು ಪರ್ಸೆಂಟ್ ಸೇರಿಸಿ 68. ಅವನು ಎಲ್ಲಿದ್ದಾನೋ ಗೊತ್ತಿಲ್ಲ, ಅವನು ಸ್ನಾನ ಮಾಡದೇ ಇದ್ದ ಶನಿವಾರ ಭಾನುವಾರಗಳ ಫಲವನ್ನು ನಾವು ಇವತ್ತಿಗೂ ಅನುಭವಿಸ್ತಾ ಇದ್ದೀವಿ.

ನಾವಿಬ್ಬರೇ ಇದ್ದಾಗ 110, 120 ಯೂನಿಟ್ ಆಗ್ತಿತ್ತು. ನವೆಂಬರ್‌ನಲ್ಲಿ ನಾಲ್ಕು ಜನ ಆದ್ವಿ, ಚಳಿಯೂ ಬಂತು. ಅಮ್ಮನಿಗೆ ಗೀಸರ್ ಅಂದ್ರೆ ನಮ್ಮ ಊರಿನ ಹಂಡೆ ಇದ್ದ ಹಾಗೆ. ಬೆಳಿಗ್ಗೆ ಒಲೆ ಹೊತ್ತಿಸಿದರೆ ಮಧ್ಯಾಹ್ನದವರೆಗೂ ಕೆಂಡ ಇರುತ್ತಲ್ಲ, ಹಾಗೇ ಇದನ್ನೂ ಹಾಕಿಬಿಟ್ಟರೆ ಹಾಕಿದ್ದೇ. ಬಿಲ್ ಬಂತು, 207 ಯೂನಿಟ್. ಆಗ ಯೂನಿಟ್‌ಗೆ 5 ರೂಪಾಯಿ 90 ಪೈಸೆ, ಅದರ ಮೇಲೆ ಒಂಬತ್ತು ಪರ್ಸೆಂಟ್ ತೆರಿಗೆ, ಕಿಲೋವ್ಯಾಟಿಗೆ 120ರಂತೆ ಮೂರು ಕಿಲೋವ್ಯಾಟಿಗೆ ನಿಗದಿತ ಶುಲ್ಕ. ಎಲ್ಲಾ ಸೇರಿ ಸಾವಿರದ ಏಳುನೂರರ ಹತ್ತಿರ. ಬರೀ ಏಳು ಯೂನಿಟ್ ಹೆಚ್ಚಾಗಿದ್ದಕ್ಕೆ 68 ಯೂನಿಟ್ ಕೈಬಿಟ್ಟು ಹೋಗಿತ್ತು.

ಹಾಲಲ್ಲಿ ನಿಂತು ನಾನು ಒಂದು ಮಾತು ಅಂದೆ. "ಏನಿದು, ಮನೇಲಿ ಫ್ಯಾಕ್ಟರಿ ನಡೆಸ್ತಿದೀವಾ? ಈ ರೇಟಲ್ಲಿ ಆದ್ರೆ ಬಜೆಟ್ಟೇ ಏರುಪೇರಾಗುತ್ತೆ." ನನ್ನವಳಿಗೆ ಹೇಳಿದ್ದು. ಅದೂ ಸೀರಿಯಸ್ಸಾಗಿ ಅಲ್ಲ. ಅದೇ ವಾರ ಎರಡು ಸಾವಿರ ಕೊಟ್ಟು ಹೆಡ್‌ಫೋನ್ ತಗೊಂಡಿದ್ದೆ ನಾನು. ಅಪ್ಪ ಬಾಲ್ಕನಿಯಲ್ಲಿ ಪೇಪರ್ ಓದ್ತಾ ಇದ್ರು.

ಇಲ್ಲಿ ಊರಿನ ಲೆಕ್ಕ ಒಂಚೂರು ಹೇಳಬೇಕು. ನಮ್ಮ ಊರಿನ ಮನೇಲಿ ತಿಂಗಳಿಗೆ ನಲವತ್ತೈದು ಯೂನಿಟ್ ದಾಟಲ್ಲ. ಸ್ನಾನದ ನೀರು ಸೌದೆ ಒಲೆಯಲ್ಲಿ. ತೋಟದ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ. ಅಪ್ಪನಿಗೆ ಕರೆಂಟ್ ಬಿಲ್ ಅಂದ್ರೆ ಸೊನ್ನೆ ಅಂತ ಬರೆದಿರೋ ಒಂದು ಚೀಟಿ. ಅಂಥವರ ಕಿವಿಗೆ ಒಂದು ತಿಂಗಳಿಗೆ ಸಾವಿರದ ಏಳುನೂರು ಅಂತ ಬಿದ್ರೆ ಹೇಗಾಗಬೇಡ? ಅದೂ, ತೋಟ ಚೇಣಿಗೆ ಕೊಟ್ಟು, ಮಗನ ಮನೇಲಿ ಸುಮ್ಮನೆ ಕೂತಿದ್ದೀನಿ ಅನ್ನೋ ಸಂಕಟ ಒಳಗೆ ಇರುವಾಗ.

ನಾನು ಇಂಜಿನಿಯರ್ ಅಲ್ವಾ, ಮರುದಿನದಿಂದ ಎಕ್ಸೆಲ್ ಶೀಟ್ ಶುರು. ದಿನಾ ಆಫೀಸಿಗೆ ಹೊರಡುವಾಗ ಕೆಳಗೆ ಮೀಟರ್ ಬೋರ್ಡಿನ ಹತ್ತಿರ ನಿಂತು ರೀಡಿಂಗ್ ಬರ್ಕೊಳ್ಳೋದು, ಗ್ರಾಫ್ ಮಾಡೋದು. ಗೀಸರ್‌ಗೆ ಹದಿನೈದು ನಿಮಿಷದ ರೂಲ್ಸ್ ಮಾಡಿ ಸ್ವಿಚ್ಚಿನ ಪಕ್ಕ ಚೀಟಿ ಅಂಟಿಸಿದೆ. ಡಿಸೆಂಬರ್ ಎರಡನೇ ವಾರದಿಂದ ಗ್ರಾಫ್ ಕೆಳಗೆ ಬರೋಕೆ ಶುರುವಾಯ್ತು. ಚಳಿ ಏರ್ತಾ ಇದೆ, ಯೂನಿಟ್ ಇಳೀತಾ ಇದೆ! ನನ್ನ ಚೀಟಿಯ ಮಹಿಮೆ ಅಂದುಕೊಂಡೆ. ತಿಂಗಳ ಕೊನೆಗೆ 171. ಆಫೀಸಲ್ಲಿ ಊಟದ ಹೊತ್ತಿಗೆ ನಾಲ್ಕು ಜನಕ್ಕೆ ಆ ಗ್ರಾಫ್ ತೋರಿಸಿ ಭಾಷಣವನ್ನೂ ಮಾಡಿದೆ.

ಜನವರಿ ಮೊದಲ ವಾರ ಅಪ್ಪನಿಗೆ ಜ್ವರ ಬಂತು. ಮೂರನೇ ದಿನ ರಾತ್ರಿ ಉಸಿರು ಎಳೆಯೋ ಸದ್ದು ನಮ್ಮ ರೂಮಿನವರೆಗೂ ಕೇಳ್ತಿತ್ತು. ರಾತ್ರಿ ಒಂದೂವರೆಗೆ ಆಟೋ ಹಿಡಿದು ಆಸ್ಪತ್ರೆಗೆ ಹೋದ್ವಿ. ಎದೆಯಲ್ಲಿ ಇನ್‌ಫೆಕ್ಷನ್ ಆಗಿದೆ ಅಂದ್ರು. ಆಕ್ಸಿಜನ್ ಹಾಕಿ ನಾಲ್ಕು ದಿನ ಇಟ್ಕೊಂಡ್ರು.

ಎರಡನೇ ದಿನ, ಆಸ್ಪತ್ರೆಯ ಕಾರಿಡಾರಲ್ಲಿ ಕೂತಿದ್ದಾಗ ಅಮ್ಮ ಹೇಳಿದ್ದು.

"ನಿಮ್ಮಪ್ಪ ಹೇಳಬೇಡ ಅಂದಿದ್ರು ಮಾರಾಯ. ಒಂದು ತಿಂಗಳಿಂದ ತಣ್ಣೀರಲ್ಲೇ ಸ್ನಾನ ಮಾಡ್ತಾ ಇದ್ರು. ಬೆಳಿಗ್ಗೆ ಐದಕ್ಕೆ, ನೀವು ಏಳೋದ್ರೊಳಗೆ."

ನನಗೆ ಮಾತೇ ಹೊರಡಲಿಲ್ಲ.

"ನಾನು ಬೈದೆ. ಊರಲ್ಲಿ ಹೊಳೆಯಲ್ಲಿ ಮೀಯ್ತಿರಲಿಲ್ವಾ, ಎಂತ ಆಗುತ್ತೆ ಅಂದ್ರು. ನಾವು ಬಂದ್ಮೇಲೆ ಅವನ ಖರ್ಚು ಹೆಚ್ಚಾಯ್ತು ಅಂದ್ರು."

ಗ್ರಾಫ್ ಕೆಳಗೆ ಬಂದದ್ದು ನನ್ನ ಚೀಟಿಯಿಂದ ಮಾತ್ರ ಅಲ್ಲ. ಇಡೀ ತಿಂಗಳು ದಿನಾ ಅದನ್ನೇ ನೋಡ್ತಾ ಇದ್ದೆ ನಾನು. ಒಂದು ಲೈನ್ ಇಳೀತಾ ಇದೆ ಅಂದ್ರೆ ಯಾರೋ ಏನನ್ನೋ ಬಿಟ್ಟಿದ್ದಾರೆ ಅಂತ ಅರ್ಥ. ಯಾರು, ಏನನ್ನ ಅಂತ ಒಂದು ದಿನವೂ ಕೇಳಲಿಲ್ಲ. ಆಫೀಸಲ್ಲಿ ಸರ್ವರ್ ಲೋಡ್ ಕಾರಣ ಇಲ್ಲದೆ ಇಳಿದ್ರೆ ಗಾಬರಿಯಾಗಿ ಹುಡುಕ್ತೀವಿ, ಏನೋ ಕೆಟ್ಟಿದೆ ಅಂತ. ಮನೇಲಿ ಇಳಿದಾಗ ಬೆನ್ನು ತಟ್ಟಿಕೊಂಡೆ.

ತಣ್ಣೀರಿಂದಲೇ ಹೀಗಾಯ್ತು ಅಂತ ಡಾಕ್ಟರ್ ಹೇಳಲಿಲ್ಲ. ದಮ್ಮು ಇರೋರಿಗೆ ಚಳಿಗಾಲದಲ್ಲಿ ಹೀಗಾಗೋದು ಇದ್ದದ್ದೇ, ಬೆಚ್ಚಗೆ ಇಡಿ ಅಂದ್ರು ಅಷ್ಟೆ. ಆದ್ರೆ ನನಗೆ ಅಷ್ಟು ಸಮಾಧಾನ ಸಾಲಲಿಲ್ಲ.

ಆ ರಾತ್ರಿ ಅಪ್ಪನ ಮಂಚದ ಪಕ್ಕ ಕೂತು, ನಿದ್ದೆ ಬಾರದೆ ಮೊಬೈಲಲ್ಲಿ ಲೆಕ್ಕ ಹಾಕಿದೆ. ಚಳಿಗಾಲದಲ್ಲಿ ಟ್ಯಾಂಕಿನ ನೀರು ಸುಮಾರು 20 ಡಿಗ್ರಿ ಇರುತ್ತೆ ಅಂತ ಇಟ್ಕೊಳ್ಳಿ. ಒಂದು ಬಕೆಟ್, ಇಪ್ಪತ್ತು ಲೀಟರ್, ಅದನ್ನು 40 ಡಿಗ್ರಿಗೆ ತರೋಕೆ ಬೇಕಾಗೋದು ಅರ್ಧ ಯೂನಿಟ್ಟಿಗಿಂತ ಒಂಚೂರು ಕಡಿಮೆ. ಎರಡು ಸಾವಿರ ವ್ಯಾಟಿನ ಗೀಸರ್ ಹದಿನೈದು ನಿಮಿಷ ಓಡಿದ್ರೆ ಸರಿಯಾಗಿ ಅರ್ಧ ಯೂನಿಟ್. ತೆರಿಗೆ ಸೇರಿಸಿ ಮೂರು ರೂಪಾಯಿ ಇಪ್ಪತ್ತು ಪೈಸೆ. ತಿಂಗಳಿಗೆ ಹದಿನೈದು ಯೂನಿಟ್, ನೂರು ರೂಪಾಯಿಯ ಒಳಗೆ.

ನಮ್ಮಪ್ಪ ನನಗೆ ಉಳಿಸಿಕೊಟ್ಟದ್ದು ನೂರು ರೂಪಾಯಿ. ಆಸ್ಪತ್ರೆಯ ಬಿಲ್ಲು ಮೂವತ್ತು ಸಾವಿರದ ಮೇಲೆ. ಆದ್ರೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ರೆ ನಾನು ಮತ್ತೆ ಅದೇ ತಪ್ಪು ಮಾಡಿದ ಹಾಗೆ. ಆಸ್ಪತ್ರೆ ಖರ್ಚು ಆಗದೇ ಇದ್ದಿದ್ರೂ ಅದು ಆಗಬಾರದಾಗಿತ್ತು. ಅಪ್ಪನಿಗೆ ದುಡ್ಡಿನ ಮೊತ್ತ ಹೆದರಿಸಿದ್ದಲ್ಲ. ಒಂದು ತಿಂಗಳು ಇದ್ದಕ್ಕಿದ್ದ ಹಾಗೆ ಏರಿದ್ದು, ಅದು ತಾವು ಬಂದ ತಿಂಗಳೇ ಆಗಿದ್ದು, ಮಗ ಅದನ್ನು ಜೋರಾಗಿ ಹೇಳಿದ್ದು, ಈ ಮೂರೂ ಸೇರಿದ್ದು ಹೆದರಿಸಿದ್ದು.

ಮನೆಗೆ ಬಂದ ಮೇಲೆ ಒಂದು ದಿನ ಅವರ ಹತ್ತಿರ ಕೂತೆ. ಕ್ಷಮಿಸಿ ಅಂತೆಲ್ಲಾ ನಮ್ಮ ಮನೇಲಿ ಹೇಳೋ ಅಭ್ಯಾಸ ಇಲ್ಲ. ಲ್ಯಾಪ್‌ಟಾಪ್ ತೆಗೆದು ಶೀಟ್ ತೋರಿಸಿದೆ.

"ನೋಡಿ ಅಪ್ಪ, ಚಳಿಗಾಲದಲ್ಲಿ ಬಿಲ್ ಏರೋದೇ. ಬೇಸಿಗೆಯಲ್ಲಿ ಫ್ಯಾನು, ಫ್ರಿಡ್ಜು ಅಂತ ಮತ್ತೆ ಏರುತ್ತೆ. ಮಳೆಗಾಲದಲ್ಲಿ ಇಳಿಯುತ್ತೆ. ನೀವು ಬಂದದ್ದಕ್ಕೆ ಏರಿದ್ದಲ್ಲ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು. "ಅಲ್ಲ ಮಾರಾಯ, ಏರುತ್ತೆ ಅಂತ ಮೊದಲೇ ಗೊತ್ತಿದ್ಮೇಲೆ ಅವತ್ತು ಅಷ್ಟು ಕೂಗಿದ್ದು ಎಂತಕ್ಕೆ?"

ಉತ್ತರ ಇರಲಿಲ್ಲ ನನ್ನ ಹತ್ತಿರ.

"ನಮ್ಮ ಸೌದೆ ಕೊಟ್ಟಿಗೆ ನೆನಪಿದೆಯಾ ನಿಂಗೆ?" ಅಂದ್ರು.

ನೆನಪಿಲ್ಲದೇ ಏನು. ಮನೆ ಹಿಂದೆ, ಬಚ್ಚಲಿಗೆ ತಾಗಿಕೊಂಡು ಇರೋದು. ಶಿವರಾತ್ರಿ ಕಳೆದ ಮೇಲೆ ಶುರುವಾಗ್ತಿತ್ತು ಆ ಕೆಲಸ. ಒಣಗಿದ ಮರ ಕಡಿಸಿ, ಸೀಳಿಸಿ, ಬಿಸಿಲಿಗೆ ಹರವಿ, ಮಳೆ ಹಿಡಿಯೋದ್ರೊಳಗೆ ಮಾಡಿನವರೆಗೂ ಪೇರಿಸಿಡೋದು. ಇನ್ನೊಂದು ಮೂಲೆಯಲ್ಲಿ ತೆಂಗಿನಕಾಯಿ ಸಿಪ್ಪೆ, ಒಣ ಹಾಳೆ. ಆ ಸೌದೆ ಸಾಲಿನ ಸಂದಿಯಲ್ಲಿ ಚೇಳು ಇರುತ್ತೆ ಅಂತ ನಮ್ಮನ್ನು ಹತ್ತಿರ ಬಿಡ್ತಿರಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಸ್ನಾನದ ನೀರಿಗೂ ಅದೇ, ಒದ್ದೆ ಬಟ್ಟೆ ಒಣಗಿಸೋಕೂ ಅದೇ.

"ಜಡಿಮಳೆ ಹೊತ್ತಲ್ಲಿ ಸೌದೆ ಹೆಚ್ಚು ಉರೀತು ಅಂತ ಯಾರಾದ್ರೂ ಬೈದದ್ದು ಕೇಳಿದೀಯಾ? ಮಳೆಗಾಲಕ್ಕೆ ಉರಿಸೋಕೆ ಅಂತಲೇ ಬೇಸಿಗೆಯಲ್ಲಿ ಕೂಡಿಟ್ಟದ್ದು. ಲೆಕ್ಕ ಹಾಕಬೇಕಾದ್ದು ಪೇರಿಸುವಾಗ. ಉರಿಸುವಾಗ ಅಲ್ಲ."

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಆರು ವರ್ಷ ಕೆಲಸ ಮಾಡಿ, ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲದೇ ಇದ್ದ ಕಾಲಂ ಅದೇ.

ಆಮೇಲೆ ನಾವು ಮಾಡಿದ್ದು ಇಷ್ಟು. ನಿಮ್ಮಲ್ಲಿ ಯಾರಿಗಾದ್ರೂ ಉಪಯೋಗ ಆಗಬಹುದು ಅಂತ ಬರೀತೀನಿ.

ಮೊದಲನೇದು, ಹಳೇ ಬಿಲ್ಲುಗಳನ್ನು ಹುಡುಕಿ ರೂಪಾಯಿ ಬದಲು ಯೂನಿಟ್ಟುಗಳನ್ನು ಬರೆದಿಟ್ಟದ್ದು. ಯಾಕಂದ್ರೆ ದರ ಬದಲಾಗ್ತಾ ಇರುತ್ತೆ, ಮನೆಯ ಅಭ್ಯಾಸ ಅಷ್ಟು ಬೇಗ ಬದಲಾಗಲ್ಲ. 2025ರ ಏಪ್ರಿಲ್‌ನಲ್ಲೇ ನೋಡಿ, ಯೂನಿಟ್ ದರ ಹತ್ತು ಪೈಸೆ ಇಳಿದು 5.80 ಆಯ್ತು. ಆದ್ರೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145ಕ್ಕೆ ಏರಿತು, ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಅಂತ ಯೂನಿಟ್ಟಿಗೆ 36 ಪೈಸೆ ಬೇರೆ ಸೇರಿತು. ರೂಪಾಯಿ ಹೋಲಿಸಿದ್ರೆ ನಾವು ಜಾಸ್ತಿ ಉರಿಸಿದ್ವಾ, ದರ ಏರಿತಾ ಅಂತ ಗೊತ್ತೇ ಆಗಲ್ಲ.

ಎರಡನೇದು, ವರ್ಷದ್ದನ್ನು ಕೂಡಿಸಿ ಹನ್ನೆರಡರಿಂದ ಭಾಗಿಸೋದು. ಶುರು ಮಾಡಿದಾಗ ಅಂದಾಜು. ಈಗ ನಮ್ಮ ಮನೆಯ 2025ರ ಪೂರ್ತಿ ಲೆಕ್ಕ ಸಿಕ್ಕಿದೆ: 2220 ಯೂನಿಟ್. ತಿಂಗಳಿಗೆ 185. ಆದ್ರೆ ಯಾವ ತಿಂಗಳೂ ಸರಿಯಾಗಿ 185 ಬರಲಿಲ್ಲ. ಜನವರಿ 214, ಏಪ್ರಿಲ್ 205, ಸೆಪ್ಟೆಂಬರ್ 158, ಡಿಸೆಂಬರ್ 219. ಸರಾಸರಿ ನೋಡಿ 200ರ ಒಳಗೇ ಇದೀವಿ ಅಂತ ಬೀಗೋ ಹಾಗೂ ಇಲ್ಲ, ಮೂರು ತಿಂಗಳು ಗೆರೆ ದಾಟಿದ್ವಿ. ಆ ಮೂರು ತಿಂಗಳ ಪೂರ್ತಿ ಬಿಲ್ಲನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿಕೊಂಡೇ ಭಾಗಿಸಬೇಕು.

ಮೂರನೇದು, ಆ ಮೊತ್ತದ ಮೇಲೆ ಹತ್ತನೇ ಒಂದು ಭಾಗ ಸೇರಿಸಿದ್ವಿ, ದರ ಏರಿಕೆಗೆ, ನೆಂಟರು ಬಂದದ್ದಕ್ಕೆ ಅಂತ. ಸುಲಭಕ್ಕೆ 1,500 ರೂಪಾಯಿ ಅಂತ ಮಾಡಿ, ಸಂಬಳ ಬಂದ ದಿನವೇ ಬೇರೆ ಅಕೌಂಟಿಗೆ ಹಾಕ್ತೀವಿ. ಬಿಲ್ ಎಷ್ಟೇ ಬರಲಿ, ಕಟ್ಟೋದು ಆ ಅಕೌಂಟಿಂದ. ಮಳೆಗಾಲದಲ್ಲಿ ಉಳಿಯುತ್ತೆ, ಚಳಿಗಾಲ ಬೇಸಿಗೆಯಲ್ಲಿ ಕರಗುತ್ತೆ. ಮನೆ ಖರ್ಚಿನ ಲೆಕ್ಕದಲ್ಲಿ ಕರೆಂಟ್ ಅಂದ್ರೆ ಹನ್ನೆರಡು ತಿಂಗಳೂ ಒಂದೇ ಅಂಕಿ.

ನಾಲ್ಕನೇದು ಅಪ್ಪ ಸೇರಿಸಿದ್ದು. ಖಾಲಿ ಕೊಟ್ಟಿಗೆ ಇಟ್ಕೊಂಡು ಮಳೆಗಾಲಕ್ಕೆ ಹೋಗಬಾರದು. ಇದನ್ನು ಶುರು ಮಾಡೋದಿದ್ರೆ ಮಳೆ ಹಿಡಿದ ಮೇಲೆ, ಜೂನ್ ಜುಲೈ ಹೊತ್ತಿಗೆ ಶುರು ಮಾಡಿ. ಚಳಿ ಬರೋದ್ರೊಳಗೆ ನಾಲ್ಕೈದು ಕಡಿಮೆ ಬಿಲ್ಲಿನ ತಿಂಗಳು ಸಿಗುತ್ತೆ, ಒಂದಿಷ್ಟು ದಾಸ್ತಾನು ಆಗಿರುತ್ತೆ. ನವೆಂಬರಲ್ಲಿ ಶುರು ಮಾಡಿದ್ರೆ ಮೊದಲ ಎರಡು ಬಿಲ್ಲಿಗೇ ಕೈ ಸುಟ್ಟುಕೊಂಡು, ಇದೆಲ್ಲಾ ಆಗೋ ಮಾತಲ್ಲ ಅಂತ ಬಿಟ್ಟುಬಿಡ್ತೀರಿ.

ಉಳಿತಾಯ ಮಾಡಬೇಡಿ ಅಂತಲ್ಲ. ಗೀಸರ್ ದಿನವಿಡೀ ಹಾಕಿಡೋದು ದಂಡವೇ. ಅಮ್ಮ ಈಗ ಹದಿನೈದು ನಿಮಿಷಕ್ಕೆ ಆರಿಸ್ತಾರೆ. ಹಾಲಿನ ಹಳೇ ಫ್ಯಾನ್ ಎಪ್ಪತ್ತೈದು ವ್ಯಾಟ್ ತಿಂತಿತ್ತು, ಅದನ್ನು ತೆಗೆದು ಮೂವತ್ತು ವ್ಯಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿದ್ವಿ. ದಂಡ ಆಗೋದನ್ನ ನಿಲ್ಲಿಸೋದು ಬೇರೆ, ಬೇಕಾದ್ದನ್ನ ಬಿಡೋದು ಬೇರೆ. ಮೀಟರಿಗೆ ಎರಡೂ ಒಂದೇ, ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಮನೆಯವರಿಗೆ ಗೊತ್ತಾಗಬೇಕು.

ಅಕೌಂಟ್ ಶುರು ಮಾಡಿದ್ದು 2025ರ ಫೆಬ್ರವರಿಯಲ್ಲಿ. ಮೊದಲ ಕಂತು ಹಾಕ್ತಾ ಇದ್ದಾಗ ಅಪ್ಪ ಒಳಗೆ ಹೋಗಿ, ಪಂಚೆಯ ಮಡಿಕೆಯಿಂದ ಆರು ಐನೂರರ ನೋಟು ತಂದು ಟೇಬಲ್ ಮೇಲಿಟ್ರು. ಚೇಣಿ ದುಡ್ಡಿನಲ್ಲಿ ಉಳಿಸಿಟ್ಟದ್ದು.

"ಬೇಡ ಅಪ್ಪ, ಇದೆಲ್ಲಾ ಎಂತಕ್ಕೆ" ಅಂತ ಬಾಯಿಗೆ ಬಂತು. ನನ್ನವಳು ಮೇಜಿನ ಕೆಳಗೆ ಕಾಲು ತುಳಿದಳು. ಸುಮ್ಮನಾದೆ.

"ಶುರುವಿಗೆ ಒಂಚೂರು ದಾಸ್ತಾನು ಇರಬೇಕಲ್ಲ," ಅಂದ್ರು ಅಪ್ಪ. "ನಂದೂ ಒಂದು ಹೊರೆ ಸೌದೆ ಇರಲಿ."

ತಗೊಂಡೆ. ಆ ಮೂರು ಸಾವಿರ ಅಕೌಂಟಿನಲ್ಲಿ ಇವತ್ತಿಗೂ ಹಾಗೇ ಇದೆ, ಅದನ್ನು ಮುಟ್ಟೋ ಪ್ರಸಂಗ ಬಂದಿಲ್ಲ. ಆದ್ರೆ ಆ ದಿನದಿಂದ ಅಪ್ಪ ಬೆಳಿಗ್ಗೆ ಏಳಕ್ಕೆ ಯಾರನ್ನೂ ಕೇಳದೆ, ಯಾರಿಗೂ ಹೆದರದೆ ಗೀಸರ್ ಸ್ವಿಚ್ ಹಾಕ್ತಾರೆ. ಕೆಳಗೆ ಹೋಗಿ ಮೀಟರ್ ರೀಡಿಂಗ್ ಬರ್ಕೊಂಡು ಬರೋ ಕೆಲಸವೂ ಈಗ ಅವರದ್ದೇ, ವಾರಕ್ಕೊಂದು ಸಲ, ಅಡಿಕೆ ಲೆಕ್ಕ ಬರೆಯೋ ಹಳೇ ಪುಸ್ತಕದ ಹಿಂದಿನ ಪುಟದಲ್ಲಿ. ನಡುವೆ ಒಂದು ಸಲ ನಿಂತು ಉಸಿರು ಎಳ್ಕೋತಾರೆ, ಆದ್ರೆ ಹತ್ತಿ ಬರ್ತಾರೆ.

ಮೊನ್ನೆ ಆ 219ರ ಬಿಲ್ ಬಂದಾಗ ಅವರಿಗೇ ಮೊದಲು ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, "ಚಳಿ ಜಾಸ್ತಿ ಇತ್ತಲ್ಲ ಈ ಸಲ" ಅಂತ ಅಷ್ಟೇ ಅಂದು ಪೇಪರ್ ಓದೋಕೆ ಶುರು ಮಾಡಿದ್ರು.

ನಿಮ್ಮ ಮನೆಯಲ್ಲಿ ಈ ಲೆಕ್ಕ ಹೇಗೆ ನಡೆಯುತ್ತೆ, ಬರೀರಿ. ಹಾಗೇ, ಮನೇಲಿ ವಯಸ್ಸಾದವರು ಇದ್ರೆ, ಬಿಲ್ ಇದ್ದಕ್ಕಿದ್ದ ಹಾಗೆ ಕಡಿಮೆ ಬಂದ ತಿಂಗಳು ಒಂದು ಸಲ ಬಚ್ಚಲ ಕಡೆ ಹೋಗಿ ಬಕೆಟ್ಟಿನ ನೀರು ಮುಟ್ಟಿ ನೋಡಿ.

ಅಪ್ಪ ಕರೀತಾ ಇದಾರೆ. ನೀರು ಕಾದಿದೆಯಂತೆ, ಹದಿನೈದು ನಿಮಿಷ ಆಯ್ತಂತೆ. ಈಗ ಹೋಗದಿದ್ರೆ ನಂಗೇ ಬೈಗುಳ.